ಕೇರಿಯ ಮಣ್ಣು ಮತ್ತು ರಾಜಧಾನಿಯ ನಕ್ಷೆ

1

ದಲಿತ ವಿಮರ್ಶೆ ಎಂದರೆ ದಲಿತರು ಬರೆದ ಕತೆ, ಕವಿತೆ, ಆತ್ಮಕಥೆಗಳ ಬಗ್ಗೆ ಬರೆಯುವುದು ಎಂಬ ಒಪ್ಪಂದವೊಂದು ಯಾರೂ ಸಹಿ ಹಾಕದೆಯೇ ನಮ್ಮಲ್ಲಿ ಜಾರಿಯಲ್ಲಿದೆ. ಈ ವಿಶೇಷ ಸಂಚಿಕೆಗೆ ನಾನೂ ಒಂದು ಕಾದಂಬರಿಯ ಬಗ್ಗೆ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಆ ಮಾತು ತಪ್ಪಿ, ಒಂದು ಊರಿನ ನಕ್ಷೆಯ ಬಗ್ಗೆ ಬರೆಯುತ್ತಿದ್ದೇನೆ. ಸಂಪಾದಕ ಗೆಳೆಯರು ಕ್ಷಮಿಸಬೇಕು. ನಮ್ಮ ಜನರ ಬದುಕನ್ನು ಯಾವ ಕಾದಂಬರಿಗಿಂತಲೂ ಬಿಗಿಯಾಗಿ ಬರೆದಿಟ್ಟಿರುವ ಪಠ್ಯ ಊರಿನ ನಕ್ಷೆಯೇ ಎಂಬುದು ನನಗೆ ತಡವಾಗಿ ಹೊಳೆಯಿತು. ಹೊಳೆಸಿದವರು ನನ್ನ ಸೋದರಮಾವ. ಅವರಿಗೆ ಸಹಿ ಹಾಕುವಷ್ಟು ಮಾತ್ರ ಓದು ಬರುತ್ತದೆ.

ನಮ್ಮದು ಪಾವಗಡ ತಾಲ್ಲೂಕಿನ ಒಂದು ಮಾದಿಗರ ಕೇರಿ. ಭೂಪಟ ನೋಡಿದವರಿಗೆ ಗೊತ್ತು, ಪಾವಗಡ ತುಮಕೂರು ಜಿಲ್ಲೆಯಲ್ಲಿದ್ದರೂ ಅದರ ಸುತ್ತ ಬಹುಪಾಲು ಆಂಧ್ರವೇ ಇದೆ. ಅವ್ವನ ತವರು ಗಡಿಯಾಚೆ, ಮಡಕಶಿರಾ ಕಡೆ. ನಮಗೆ ಗಡಿ ಅಂದರೆ ಬಸ್ ಟಿಕೆಟ್ಟಿನ ಮೇಲಿನ ಅಕ್ಷರ ಬದಲಾಗುವ ಜಾಗ, ಅಷ್ಟೆ. ಮನೆಯಲ್ಲಿ ಬೈಗುಳಕ್ಕೆ ತೆಲುಗು, ಲೆಕ್ಕಕ್ಕೆ ಕನ್ನಡ. ಮದುವೆ, ತಿಥಿ, ಜಾತ್ರೆ ಎಲ್ಲವೂ ಎರಡೂ ಕಡೆಯವು. ರಾಜಧಾನಿ ಮಾತ್ರ ಬೇರೆ ಬೇರೆ. ನಮಗೆ ಬೆಂಗಳೂರು. ಅವರಿಗೆ ಅಜ್ಜನ ಕಾಲದಲ್ಲಿ ಮದರಾಸು, 1953ರಲ್ಲಿ ಕರ್ನೂಲು, 1956ರಿಂದ ಹೈದರಾಬಾದು, 2014ರಲ್ಲಿ ರಾಜ್ಯ ಒಡೆದ ಮೇಲೆ ಕೃಷ್ಣಾ ನದಿಯ ದಂಡೆಯ ಅಮರಾವತಿ. 'ನಾವು ಇದ್ದಲ್ಲೇ ಇದ್ದೀವಿ ಕಣಪ್ಪಾ, ರಾಜಧಾನಿಯೋರೇ ಗಂಟುಮೂಟೆ ಕಟ್ಕಂಡು ಓಡಾಡ್ತಾವ್ರೆ' ಎಂದು ಮಾವ ನಗುತ್ತಾರೆ.

2015ರ ಅಕ್ಟೋಬರ್ 22ರಂದು ಉದ್ದಂಡರಾಯುನಿಪಾಲೆಂ ಎಂಬ ಹಳ್ಳಿಯಲ್ಲಿ ಪ್ರಧಾನಿ ಅಮರಾವತಿಗೆ ಅಡಿಗಲ್ಲು ಹಾಕಿದರು. ಅದಕ್ಕೆ ಮುಂಚೆ ರಾಜ್ಯದ ಹಳ್ಳಿಹಳ್ಳಿಯಿಂದ ಮಣ್ಣು ಮತ್ತು ನೀರನ್ನು ಮೆರವಣಿಗೆಯಲ್ಲಿ ತರಿಸಿಕೊಂಡಿದ್ದರು. ದೆಹಲಿಯಿಂದ ಪಾರ್ಲಿಮೆಂಟಿನ ಆವರಣದ ಮಣ್ಣು, ಯಮುನೆಯ ನೀರು ಬಂತು. ಮಾವನ ಊರಿನಿಂದಲೂ ಕುಡಿಕೆಯಲ್ಲಿ ಮಣ್ಣು ಹೋಯಿತು. ಹತ್ತು ವರ್ಷ ಕಳೆದ ಮೇಲೆ, 2025ರ ಮೇ 2ರಂದು, ನಿಂತುಹೋಗಿದ್ದ ಕಾಮಗಾರಿಗಳಿಗೆ ಅದೇ ಪ್ರಧಾನಿ ಮತ್ತೆ ಚಾಲನೆ ಕೊಟ್ಟದ್ದನ್ನು ಟಿವಿಯಲ್ಲಿ ನೋಡುತ್ತಾ ಮಾವ ಕೇಳಿದರು: 'ಏನಳಿಯಾ, ನಮ್ಮೂರ ಮಣ್ಣು ಎತ್ಕಂಡೋಗಿದ್ರಲ್ಲ, ಅದನ್ನ ಎಲ್ಲಿ ಆಕವ್ರೆ? ಒಂದ್ಸಲ ನೋಡ್ಕಂಡು ಬರಾನ ಬಾ.'

ಅದೇ ವರ್ಷದ ನವೆಂಬರಿನಲ್ಲಿ ಹಿಂದೂಪುರದಲ್ಲಿ ರೈಲು ಹತ್ತಿ ಹೋದೆವು. ದಾರಿಯಲ್ಲಿ ನಾನು ಕೇಳಿದೆ: 'ಮಾವ, ಆ ಮಣ್ಣನ್ನ ಊರಲ್ಲಿ ಎಲ್ಲಿಂದ ಎತ್ತಿದ್ರು?' ಅವರು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. 'ಗುಡಿ ಮುಂದ್ಲಿಂದ.' ಮತ್ತೆ ತಾವೇ ಹೇಳಿದರು: 'ನಮ್ಮ ಕಡೆ ಯಾರೂ ಬರ್ಲಿಲ್ಲ.'

ಈ ಬರಹದಲ್ಲಿ ನಾನು ಕೇಳಬೇಕಾದ ಪ್ರಶ್ನೆಯನ್ನು ಮಾವ ಆ ರೈಲಿನಲ್ಲೇ ಕೇಳಿಬಿಟ್ಟಿದ್ದರು.

2

ಯೋಜಿತ ನಗರ ಎಂಬುದನ್ನು ಆಧುನಿಕತೆಯ ಕೊಡುಗೆ ಎನ್ನುವಂತೆ ನಮ್ಮ ಪಠ್ಯಪುಸ್ತಕಗಳು ಕಲಿಸುತ್ತವೆ. ಹಳ್ಳಿ ತಾನಾಗಿ ಬೆಳೆದದ್ದು, ನಗರ ನಕ್ಷೆ ಹಾಕಿ ಕಟ್ಟಿದ್ದು ಎಂಬ ವಿಂಗಡಣೆ ಅದು. ಕೇರಿಯಲ್ಲಿ ಹುಟ್ಟಿದವನು ಇದನ್ನು ಒಪ್ಪಲಾರ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳಲ್ಲಿ ಯಾವ ಹಳೆಯ ಹಳ್ಳಿಗೆ ಬೇಕಾದರೂ ಹೋಗಿ, ಯಾರನ್ನೂ ಕೇಳದೆ ಕೇರಿಯನ್ನು ಹುಡುಕಬಲ್ಲೆ. ಬಸ್ ನಿಲ್ಲುವ ಜಾಗ, ಗುಡಿಯ ದಿಕ್ಕು, ಕೆರೆಯ ತೂಬು, ಸ್ಮಶಾನದ ದಾರಿ ಇಷ್ಟು ಕಂಡರೆ ಸಾಕು. ಇಷ್ಟು ಖಚಿತವಾಗಿ ಊಹಿಸಬಹುದಾದದ್ದು ತಾನಾಗಿ ಬೆಳೆದದ್ದು ಹೇಗಾದೀತು? ಅದಕ್ಕೊಂದು ನಕ್ಷೆ ಇದೆ. ಕಾಗದದ ಮೇಲಿಲ್ಲ, ಅಷ್ಟೆ.

ಕಾಗದದ ಮೇಲೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ದುರ್ಗನಿವೇಶ ಎಂಬ ಅಧ್ಯಾಯವಿದೆ. ರಾಜಧಾನಿಯನ್ನು ಹೇಗೆ ಕಟ್ಟಬೇಕೆಂದು ವಿವರಿಸುವ ಅಧ್ಯಾಯ ಅದು. ಪೂರ್ವ ಪಶ್ಚಿಮವಾಗಿ ಮೂರು ರಾಜಬೀದಿ, ಉತ್ತರ ದಕ್ಷಿಣವಾಗಿ ಮೂರು, ಹನ್ನೆರಡು ಬಾಗಿಲು. ಬ್ರಾಹ್ಮಣರು ಉತ್ತರಕ್ಕೆ, ಕ್ಷತ್ರಿಯರು ಪೂರ್ವಕ್ಕೆ, ವೈಶ್ಯರು ದಕ್ಷಿಣಕ್ಕೆ, ಶೂದ್ರರು ಪಶ್ಚಿಮಕ್ಕೆ. ಉಳಿದವರು ಇಬ್ಬರು, ಪಾಷಂಡರು ಮತ್ತು ಚಂಡಾಲರು. ಅವರಿಗೆ ಸ್ಮಶಾನದ ಅಂಚು. ಪಾಷಂಡರೆಂದರೆ ವೇದವನ್ನು ಒಪ್ಪದ ಪಂಥದವರು, ಬೌದ್ಧರೂ ಅವರೊಳಗೇ ಬರುತ್ತಾರೆ. ಬುದ್ಧನ ಭಿಕ್ಷುವನ್ನೂ ನಮ್ಮ ಪೂರ್ವಿಕನನ್ನೂ ಈ ನಕ್ಷೆ ಅಕ್ಕಪಕ್ಕದಲ್ಲಿ ಕೂರಿಸಿದ್ದನ್ನು ನಾವು ಮರೆಯಬಾರದು. 1956ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ತೆಗೆದುಕೊಂಡ ದೀಕ್ಷೆಯಲ್ಲಿ ಈ ಹಳೆಯ ನೆರೆಹೊರೆಯೂ ಸೇರಿತ್ತು ಎಂದು ನಾನು ಓದಿಕೊಳ್ಳುತ್ತೇನೆ.

ಆದ್ದರಿಂದ ಹೊಸ ರಾಜಧಾನಿಯೊಂದನ್ನು ನೋಡಲು ಹೋದಾಗ ರಸ್ತೆ ಎಷ್ಟು ಅಗಲ, ಗೋಪುರ ಎಷ್ಟು ಎತ್ತರ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಬೇಕಿಲ್ಲ. ಈ ನಕ್ಷೆ ಸ್ಮಶಾನದ ಅಂಚನ್ನು ಎಲ್ಲಿಟ್ಟಿದೆ ಎಂದು ಮೊದಲು ಕೇಳಬೇಕು.

3

ವಿಜಯವಾಡದಿಂದ ಪ್ರಕಾಶಂ ಬ್ಯಾರೇಜು ದಾಟಿ ವೆಲಗಪೂಡಿ ಕಡೆ ಹೊರಟರೆ ಮೊದಲು ಕಾಣುವುದು ಬಯಲು, ಆಮೇಲೆ ಕ್ರೇನುಗಳು. ವೆಲಗಪೂಡಿಯಲ್ಲಿ 2016ರಲ್ಲಿ ಕಟ್ಟಿದ ತಾತ್ಕಾಲಿಕ ಸಚಿವಾಲಯವಿದೆ, ಪಕ್ಕದ ನೇಲಪಾಡಿನಲ್ಲಿ ಹೈಕೋರ್ಟು. 2019ರಲ್ಲಿ ಸರ್ಕಾರ ಬದಲಾಗಿ ಮೂರು ರಾಜಧಾನಿಗಳ ಮಾತು ಬಂದಾಗ ಇಲ್ಲಿನ ಕೆಲಸ ನಿಂತಿತು. ಅಡಿಪಾಯದ ಗುಂಡಿಗಳಲ್ಲಿ ನೀರು ನಿಂತು ಕೆರೆಯಾಯಿತು, ಸುತ್ತ ಮುಳ್ಳುಗಿಡ ಬೆಳೆಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಮುಳ್ಳು ಕಡಿದು, ನೀರು ಹೊರಹಾಕಿ, ಕೆಲಸ ಶುರುಮಾಡಿದ್ದಾರೆ. ಮಾವ ಆ ಬಯಲು ನೋಡಿ, 'ನಮ್ಮ ಕಡೆ ಸೀಮೆಜಾಲಿ ಸುಮ್ನೆ ಬೆಳೀತದೆ. ಇಲ್ಲಿ ರಾಜಧಾನಿ ಕೊಟ್ಟು ಬೆಳೆಸವ್ರೆ' ಎಂದರು.

ನಕ್ಷೆಯ ಪ್ರಕಾರ ರಾಜಧಾನಿ 217 ಚದರ ಕಿಲೋಮೀಟರು. ಮಹಾಯೋಜನೆ ಸಿಂಗಪುರದವರದು, ಸರ್ಕಾರಿ ಸಂಕೀರ್ಣದ ವಿನ್ಯಾಸ ಲಂಡನ್ನಿನ ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ಅವರದು. ಅದರೊಳಗೆ ಒಂಬತ್ತು ನಗರಗಳು: ಸರ್ಕಾರ, ನ್ಯಾಯ, ಹಣಕಾಸು, ಜ್ಞಾನ, ಆರೋಗ್ಯ, ಕ್ರೀಡೆ, ಮಾಧ್ಯಮ, ಎಲೆಕ್ಟ್ರಾನಿಕ್ಸ್, ಪ್ರವಾಸೋದ್ಯಮ. ಒಂದೊಂದು ಕಸುಬಿಗೆ ಒಂದೊಂದು ಕೇರಿ ಎಂಬುದು ನಮಗೇನೂ ಹೊಸ ವಿಚಾರವಲ್ಲ. ಒಂಬತ್ತನ್ನೂ ಎಣಿಸಿದ ಮೇಲೆ ನನಗೆ ಉಳಿದದ್ದು ಒಂದೇ ಅನುಮಾನ. ಈ ಒಂಬತ್ತು ನಗರಗಳ ಕಸ ಗುಡಿಸುವವರು, ಮ್ಯಾನ್‌ಹೋಲು ತೆಗೆಯುವವರು, ಗಾರೆ ಹೊರುವವರು ಹತ್ತನೆಯ ಯಾವ ನಗರದಲ್ಲಿ ಇರುತ್ತಾರೆ? ಗಾರೆ ಹೊರುವವರು ಸದ್ಯಕ್ಕೆ ತಗಡಿನ ಶೆಡ್ಡುಗಳಲ್ಲಿದ್ದರು. ಮಾತಾಡಿಸಿದರೆ ಒಬ್ಬ ಒಡಿಶಾದವನು, ಒಬ್ಬ ಬಿಹಾರದವನು.

ನಕ್ಷೆಯನ್ನು ವಾಸ್ತುವಿಗೆ ಹೊಂದಿಸಿದ್ದೇವೆ ಎಂದು ಆಗಿನ ಸರ್ಕಾರ ಹೆಮ್ಮೆಯಿಂದಲೇ ಹೇಳಿಕೊಂಡಿತ್ತು. ಹೆಸರಿಗೆ ಬುದ್ಧನ ಊರು, ಅಳತೆಗೆ ಬ್ರಹ್ಮಸ್ಥಾನ. ಅಮರಾವತಿಯ ಮಹಾಸ್ತೂಪವಿರುವ ಊರು ಈ ರಾಜಧಾನಿ ನಗರದ ಗಡಿಯೊಳಗೆ ಇಲ್ಲ. ಅದು ಇನ್ನೂ ಪಶ್ಚಿಮಕ್ಕೆ ಇದೆ, ಹೆಸರನ್ನು ಮಾತ್ರ ಅಲ್ಲಿಂದ ತಂದಿದ್ದಾರೆ. ಇದಕ್ಕೂ ಒಂದು ಪೂರ್ವಕಥೆಯಿದೆ. 18ನೆಯ ಶತಮಾನದ ಕೊನೆಯಲ್ಲಿ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಎಂಬ ಜಮೀನ್ದಾರ ತನ್ನ ಹೊಸ ರಾಜಧಾನಿಯನ್ನು ಅಲ್ಲಿ ಕಟ್ಟಿಸಿದಾಗ, ಸ್ತೂಪದ ದಿಬ್ಬವನ್ನು ಅಗೆದು ಅದರ ಕಲ್ಲುಗಳನ್ನು ಕಟ್ಟಡಗಳಿಗೆ ಬಳಸಿದರು. ಉಳಿದ ಶಿಲ್ಪಗಳಲ್ಲಿ ಬಹಳಷ್ಟು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ, ಚೆನ್ನೈನ ಎಗ್ಮೋರಿನಲ್ಲಿ ಇವೆ. ಆಗ ಹೊಸ ರಾಜಧಾನಿಗೆ ಬುದ್ಧನ ಕಲ್ಲು ಬೇಕಾಗಿತ್ತು, ಈಗ ಬುದ್ಧನ ಹೆಸರು ಬೇಕಾಗಿದೆ.

ಬಾಬಾಸಾಹೇಬರ ಪ್ರತಿಮೆಯ ಕತೆಯೂ ಹೀಗೆಯೇ. 2017ರ ಏಪ್ರಿಲ್ 14ರಂದು ಅಮರಾವತಿಯಲ್ಲಿ 125 ಅಡಿಯ ಅಂಬೇಡ್ಕರ್ ಪ್ರತಿಮೆಗೆ ಅಡಿಗಲ್ಲು ಬಿತ್ತು. ಮುಂದಿನ ಸರ್ಕಾರ ಅದನ್ನು ವಿಜಯವಾಡಕ್ಕೆ ಸಾಗಿಸಿ, 2024ರ ಜನವರಿ 19ರಂದು 81 ಅಡಿ ಪೀಠದ ಮೇಲೆ ಅನಾವರಣ ಮಾಡಿತು. ಎರಡೂ ಸೇರಿ 206 ಅಡಿ. ನಾವು ಅಲ್ಲಿಗೂ ಹೋದೆವು. ಮಾವ ಚಪ್ಪಲಿ ಬಿಟ್ಟು ಕೈಮುಗಿದರು, ನಾನೂ ಮುಗಿದೆ. ಆ ಎತ್ತರ ನೋಡಿ ಎದೆ ಉಬ್ಬಿದ್ದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದು ಸರ್ಕಾರ ಒಂದು ಕಡೆ, ಇನ್ನೊಂದು ಸರ್ಕಾರ ಇನ್ನೊಂದು ಕಡೆ ಎತ್ತಿಡಬಹುದಾದದ್ದು ಪ್ರತಿಮೆ. ಜಮೀನಿನ ಪಹಣಿಯಲ್ಲಿರುವ ಹೆಸರನ್ನು ಹಾಗೆ ಎತ್ತಿಡಲಾಗದು. ಪ್ರತಿಮೆಗೆ ಪೈಪೋಟಿ ನಡೆಸಿದವರು ಪಹಣಿಯ ವಿಚಾರದಲ್ಲಿ ಏನು ಮಾಡಿದರು ಎಂಬುದೇ ನನ್ನ ಮುಂದಿನ ಮಾತು.

4

ಅಮರಾವತಿಗಾಗಿ 29 ಹಳ್ಳಿಗಳ ಸುಮಾರು 34,000 ಎಕರೆ ಭೂಮಿಯನ್ನು ರೈತರಿಂದ ಒಟ್ಟುಗೂಡಿಸಿದರು. ಪರಿಹಾರ ಕೊಟ್ಟು ಕಿತ್ತುಕೊಳ್ಳುವ ಹಳೆಯ ಪದ್ಧತಿ ಇದಲ್ಲ. ಭೂಮಿ ಕೊಟ್ಟವರಿಗೆ ಹೊಸ ನಗರದಲ್ಲಿ ನಿವೇಶನ ವಾಪಸು ಬರುತ್ತದೆ. ಪಟ್ಟಾ ಜಮೀನಾದರೆ ಎಕರೆಗೆ 1,000 ಚದರ ಗಜದ ಮನೆ ನಿವೇಶನ, ಅದರ ಮೇಲೆ ಒಂದು ವಾಣಿಜ್ಯ ನಿವೇಶನ. ಹತ್ತು ವರ್ಷ ವಾರ್ಷಿಕ ಹಣ ಬೇರೆ: ನದಿ ಬದಿಯ ಫಲವತ್ತಾದ ಜರೀಬು ಭೂಮಿಗೆ ಎಕರೆಗೆ 50,000 ರೂಪಾಯಿ, ಖುಷ್ಕಿಗೆ 30,000, ವರ್ಷವರ್ಷ ಏರಿಕೆ. ಕೇಳಲು ಚೆನ್ನಾಗಿದೆ. ರೈತನನ್ನು ನಗರದ ಪಾಲುದಾರನನ್ನಾಗಿ ಮಾಡುವ ಯೋಜನೆ ಎಂದು ಹೊಗಳಿದವರು ಬಹಳ ಜನ.

ಈಗ ಈ ಏಣಿಯ ಕೆಳಗಿನ ಮೆಟ್ಟಿಲು ನೋಡೋಣ. ಸರ್ಕಾರ ಹಿಂದೆ ದಲಿತರಿಗೂ ಇತರ ಬಡವರಿಗೂ ಹಂಚಿದ್ದ ಅಸೈನ್ಡ್ ಜಮೀನಿಗೆ ಇದೇ ಲೆಕ್ಕ ಸಿಗಲಿಲ್ಲ. 2016ರ ಫೆಬ್ರವರಿಯ 41ನೆಯ ಸರ್ಕಾರಿ ಆದೇಶ ಅದನ್ನು ಬೇರೆ ಬೇರೆ ವರ್ಗಗಳಾಗಿ ಒಡೆದು ಕಡಿಮೆ ನಿವೇಶನ ನಿಗದಿ ಮಾಡಿತು. ಅದಕ್ಕೂ ಮುಂಚೆಯೇ 'ಸರ್ಕಾರ ಈ ಜಮೀನನ್ನು ಪುಕ್ಕಟೆ ಎತ್ತಿಕೊಳ್ಳುತ್ತದೆ' ಎಂಬ ಹೆದರಿಕೆ ಹಬ್ಬಿ, ಅಗ್ಗಕ್ಕೆ ಕೈಬದಲಾಯಿತೆಂಬ ದೂರುಗಳು ಎದ್ದವು. 2021ರಲ್ಲಿ ಪ್ರಕರಣ ದಾಖಲಾಗಿ, ಹೈಕೋರ್ಟು ತನಿಖೆಗೆ ತಡೆ ಕೊಟ್ಟಿತು. ಯಾವ ಪಕ್ಷದವರು ತಪ್ಪಿತಸ್ಥರು ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನಾನು ಗಮನಿಸುವುದು ಇಷ್ಟನ್ನೇ. ಅಸೈನ್ಡ್ ಜಮೀನು ಪರಭಾರೆಯಾಗಬಾರದು ಎಂದು ಆಂಧ್ರದಲ್ಲಿ 1977ರಲ್ಲೇ ಕಾನೂನು ಬಂದಿತ್ತು. ದಲಿತನ ಜಮೀನನ್ನು ಕಾಪಾಡಲು ಬಂದ ಆ ಗುರುತೇ ನಲವತ್ತು ವರ್ಷ ತುಂಬುವ ಮೊದಲು ಅದರ ಬೆಲೆ ಇಳಿಸುವ ಗುರುತಾಯಿತು.

ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿ ಇರುವವರು ಜಮೀನೇ ಇಲ್ಲದವರು. ತುಳ್ಳೂರು ಕಡೆಯ ಒಂದು ಹಳ್ಳಿಯ ಮಾಲಪಲ್ಲೆಯಲ್ಲಿ ಒಬ್ಬ ಅಮ್ಮ ನಮಗೆ ನೀರು ಕೊಟ್ಟು ಮಾತಾಡಿದರು. ಬಾಳೆ, ಹೂವು, ತರಕಾರಿ, ಹತ್ತಿ, ವರ್ಷವಿಡೀ ಕೂಲಿ ಇತ್ತಂತೆ. ಭೂಮಿ ಹೋದ ಮೇಲೆ ಭೂರಹಿತ ಕುಟುಂಬಕ್ಕೆ ತಿಂಗಳಿಗೆ 2,500 ರೂಪಾಯಿ ಪಿಂಚಣಿ, 2024ರಲ್ಲಿ ಅದು 5,000 ಆಯಿತು. ಎಕರೆಯಿದ್ದವನಿಗೆ ನಿವೇಶನ, ಕೈಯಿದ್ದವಳಿಗೆ ಪಿಂಚಣಿ. ಆಕೆ ತೆಲುಗಿನಲ್ಲಿ ಹೇಳಿದ್ದನ್ನು ಮಾವ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ, ನಮ್ಮ ಮನೆಯ ಮಾತೇ ಅದು. 'ಪಿಂಚಣಿ ತಿಂತೀನಿ ಸರಿ. ಆದ್ರೆ ಇಲ್ಲಿ ನಂದು ಅಂತ ಏನು ಬರಕಂಡವ್ರೆ?'

ಇದೇ ಮಾತನ್ನು ನಾನು ನನ್ನ ತಾಲ್ಲೂಕಿನಲ್ಲೇ ಕೇಳಿದ್ದೆ. ಪಾವಗಡದ ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಇದೆ. ಅಲ್ಲೂ ಭೂಸ್ವಾಧೀನ ಮಾಡಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಏರಿಕೆ. ಮಳೆಯಿಲ್ಲದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ, ಜಮೀನಿದ್ದವರ ಮನೆಗೆ ಬಣ್ಣ ಬಂತು. ಜಮೀನಿಲ್ಲದವರಿಗೆ ಶೇಂಗಾ ಕೀಳುವ ಕೂಲಿ ಹೋಯಿತು, ಕುರಿ ಮೇಯಿಸುವ ಬಯಲಿಗೆ ತಂತಿಬೇಲಿ ಬಂತು. ಕನ್ನಡಿಯ ಧೂಳು ತೊಳೆಯುವ, ಹುಲ್ಲು ಕೀಳುವ ಕೆಲಸ ಕೆಲವರಿಗೆ ಸಿಕ್ಕಿತು. ರಾಜಧಾನಿಯಾಗಲಿ ವಿದ್ಯುತ್ತಾಗಲಿ, ನೆಲದ ಮೇಲೆ ಏನೇ ಹೊಸದು ಬಂದರೂ ನಕ್ಷೆ ಮೊದಲು ಕೇಳುವುದು 'ನಿನಗೆ ಎಷ್ಟು ಎಕರೆ ಇತ್ತು?' ಎಂದು. ಈ ಪ್ರಶ್ನೆಗೆ ನಮ್ಮ ಉತ್ತರವನ್ನು ಹಳ್ಳಿಯ ಹಳೆಯ ನಕ್ಷೆ ಆಗಲೇ ಬರೆದಿಟ್ಟಿದೆ. ಹೀಗೆ ಹಳೆಯ ಊರು ಹೊಸ ಊರಿನೊಳಕ್ಕೆ ಹೋಗಿ ಕೂರುತ್ತದೆ, ಜಾತಿಯ ಹೆಸರನ್ನು ಯಾರೂ ಎತ್ತಬೇಕಾಗಿಲ್ಲ.

ಜಾತಿಯ ಹೆಸರೆತ್ತದೆ ಹೇಳುವ ಭಾಷೆಯೂ ಸಿದ್ಧವಾಗಿದೆ. ಹಿಂದಿನ ಸರ್ಕಾರ ಅಮರಾವತಿಯೊಳಗೆ ಆರ್-5 ಎಂಬ ವಲಯ ಮಾಡಿ, 50,000ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ನಿವೇಶನ ಕೊಡಲು ಹೊರಟಿತು. 2023ರ ಮೇನಲ್ಲಿ ಪಟ್ಟಾ ಹಂಚಿತು, ಆಗಸ್ಟಿನಲ್ಲಿ ಹೈಕೋರ್ಟು ಮನೆ ಕಟ್ಟುವುದಕ್ಕೆ ತಡೆ ಕೊಟ್ಟಿತು. ಭೂಮಿ ಕೊಟ್ಟ ರೈತರದೂ ಒಂದು ವಾದ ಇತ್ತು: ರಾಜಧಾನಿ ಕಟ್ಟುತ್ತೇವೆಂದು ತೆಗೆದುಕೊಂಡ ಭೂಮಿಯನ್ನು ಬೇರೆಯದಕ್ಕೆ ಬಳಸುವುದು ಕರಾರು ಮುರಿದಂತೆ ಎಂದು. ರಾಜಧಾನಿ ಬೇಡವೆಂದ ಸರ್ಕಾರ ಅಲ್ಲಿ ಬಡವರನ್ನು ಕೂರಿಸಲು ಹೊರಟದ್ದರಲ್ಲಿ ರಾಜಕೀಯವೂ ಇತ್ತು. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಈ ಜಗಳದಲ್ಲಿ ಹಾದುಹೋದ ಒಂದು ಪದಪುಂಜವನ್ನು ದಲಿತ ವಿಮರ್ಶೆ ಹಿಡಿದು ನಿಲ್ಲಿಸಬೇಕು. ಬಡವರು ಬಂದರೆ 'ಜನಸಂಖ್ಯೆಯ ಸಮತೋಲನ' ಕೆಡುತ್ತದೆ ಎಂಬ ಮಾತು ಅದು. ಯಾವ ಸಮತೋಲನ? ಊರಿನ ಭಾಷೆಯಲ್ಲಿ ಇದನ್ನು 'ಕೇರಿಯೋರು ಒಳಗೆ ಬಂದ್ರೆ ಮೈಲಿಗೆ' ಎನ್ನುತ್ತಿದ್ದರು. ಎರಡು ಮಾತಿನ ನಡುವೆ ಇರುವುದು ಭಾಷಾಂತರದ ದೂರ ಮಾತ್ರ.

5

ಇಲ್ಲಿಗೆ ನಿಲ್ಲಿಸಿದರೆ ನನ್ನ ಬರಹವನ್ನು ಹಸಿರು ಗೆಳೆಯರು ಎತ್ತಿಕೊಂಡು ಹೋಗುತ್ತಾರೆ. ನದಿ ದಂಡೆಯ ಮೂರು ಬೆಳೆಯ ಭೂಮಿ ನುಂಗಿದ ನಗರ, ಹಾಳಾದ ಹಳ್ಳಿ ಎಂಬ ಶೋಕಗೀತೆಗೆ ನಾನು ದನಿಗೂಡಿಸಲಾರೆ. ಆ ಹೊಲಗಳು ಹಸಿರಾಗಿದ್ದಾಗಲೂ ಆ ಅಮ್ಮ ಅಲ್ಲಿ ಕೂಲಿಯೇ. ಇದೇ ಕೋಸ್ತಾ ಸೀಮೆಯ ಕಾರಂಚೇಡುವಿನಲ್ಲಿ 1985ರ ಜುಲೈಯಲ್ಲಿ, ಗುಂಟೂರು ಸೀಮೆಯ ಚುಂಡೂರಿನಲ್ಲಿ 1991ರ ಆಗಸ್ಟಿನಲ್ಲಿ ನಮ್ಮವರನ್ನು ಅಟ್ಟಾಡಿಸಿ ಕೊಂದದ್ದು ಇಂಥ ಹಸಿರು ಹೊಲಗಳ ನಡುವೆಯೇ. ಕಾರಂಚೇಡುವಿನಿಂದ ಓಡಿದವರು ಮತ್ತೆ ಊರಿಗೆ ಹೋಗದೆ ಚೀರಾಲದಲ್ಲೇ ನೆಲೆ ನಿಂತರು. ಭಾರತದ ಹಳ್ಳಿಯ ಬಗ್ಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಆಡಿದ ಕಟುಮಾತು ಎಷ್ಟು ನಿಜ ಎಂಬುದನ್ನು ಅವರು ತಮ್ಮ ಕಾಲಿನಿಂದ ಹೇಳಿದರು.

ನಗರ ನಮಗೆ ಏನೂ ಕೊಟ್ಟಿಲ್ಲ ಎನ್ನುವುದು ಸುಳ್ಳು. ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರೇ 'ಊರುಕೇರಿ'. ಅದು ಮಂಚನಬೆಲೆಯಲ್ಲಿ ಶುರುವಾಗಿ ಬೆಂಗಳೂರಿನ ಶ್ರೀರಾಮಪುರಕ್ಕೆ ಬರುತ್ತದೆ. ಆ ದಾರಿ ಇಲ್ಲದಿದ್ದರೆ ನಮ್ಮ ಮೊದಲ ದೊಡ್ಡ ಕವಿ ನಮಗೆ ಸಿಗುತ್ತಿದ್ದರೇ? ವೆಲಗಪೂಡಿಯ ರಸ್ತೆ ಬದಿಯ ಅಂಗಡಿಯಲ್ಲಿ ಮಾವ ಗಾಜಿನ ಲೋಟದಲ್ಲಿ ಚಹಾ ಕುಡಿದು, ಲೋಟವನ್ನು ಅಭ್ಯಾಸಬಲದಿಂದ ತೊಳೆಯಲು ನಲ್ಲಿ ಹುಡುಕಿದರು. ಅಂಗಡಿಯ ಹುಡುಗ 'ಅಲ್ಲೇ ಇಡಿ ತಾತಾ' ಎಂದ. ಮಾವ ಇಟ್ಟರು. ಅವರ ಯೌವನದಲ್ಲಿ ಊರ ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟವನ್ನು ತಾವೇ ತೆಗೆದು, ತಾವೇ ತೊಳೆದು ಇಡಬೇಕಿತ್ತು. ಯಾರು ನೀನು ಎಂದು ಕೇಳದ ಊರು ಎಂಬುದು ದೊಡ್ಡ ವಿಷಯ. ಇದನ್ನು ಅನುಭವಿಸದವರು ಮಾತ್ರ ನಗರವನ್ನು ಸುಲಭವಾಗಿ ಬೈಯಬಲ್ಲರು.

ಆದರೆ ಲೋಟವನ್ನು ಅಲ್ಲೇ ಇಡಬಹುದಾದ ಊರಿನಲ್ಲಿ ನಾವು ಎಲ್ಲಿ ಇರಬಹುದು? ನಗರವಾದಿ ಗೆಳೆಯರು ಈ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಚಂಡೀಗಢವನ್ನು ನೋಡಿ. ದೇಶವಿಭಜನೆಯಲ್ಲಿ ಲಾಹೋರು ಹೋದ ಮೇಲೆ, ಹಿಂದಿನ ಸಂಪ್ರದಾಯಗಳ ಹಂಗಿಲ್ಲದ ನಗರವೆಂದು ನೆಹರೂ ಕನಸು ಕಂಡು, 1951ರಿಂದ ಲ ಕಾರ್ಬೂಸಿಯೇ ನಕ್ಷೆ ಬರೆದ ರಾಜಧಾನಿ ಅದು. ಅಲ್ಲಿ ಜಾತಿಗೊಂದು ಬೀದಿ ಇರಲಿಲ್ಲ, ಸರಿ. ಸರ್ಕಾರಿ ನೌಕರರ ಮನೆಗಳನ್ನು ಮಾತ್ರ ಸಂಬಳದ ಪ್ರಕಾರ 13 ದರ್ಜೆಗಳಾಗಿ ವಿಂಗಡಿಸಿದರು. ಮೇಲೆ ಮಂತ್ರಿ, ಕೆಳಗೆ ಜವಾನ. ಉತ್ತರದ ಸೆಕ್ಟರುಗಳಲ್ಲಿ ಅಗಲವಾದ ತೋಟದ ಮನೆಗಳು, ದಕ್ಷಿಣಕ್ಕೆ ಹೋದಂತೆ ಒತ್ತೊತ್ತು. ಜವಾನನಿಗೂ ಇಟ್ಟಿಗೆಯ ಭದ್ರವಾದ ಮನೆಯನ್ನು ವಾಸ್ತುಶಿಲ್ಪಿಗಳೇ ಕೂತು ವಿನ್ಯಾಸ ಮಾಡಿದ್ದು ಅಂದಿನ ಭಾರತದಲ್ಲಿ ಸಣ್ಣ ಸಂಗತಿಯಲ್ಲ, ಅದನ್ನು ಗೌರವಿಸುತ್ತೇನೆ. ಆದರೆ ಜವಾನ ನೌಕರಿಯಲ್ಲಿದ್ದವನು. ನೌಕರಿಯಿಲ್ಲದೆ ಆ ನಗರವನ್ನು ಕಟ್ಟಿದ ಕೂಲಿಗಳು ನಕ್ಷೆಯ ಹೊರಗಿನ ಗುಡಿಸಲು ಕಾಲೋನಿಗಳಲ್ಲಿ ಉಳಿದರು. ಹಂಗಿಲ್ಲದ ನಕ್ಷೆಗೂ ಒಂದು ಅಂಚು ಬೇಕಾಯಿತು.

ಆದ್ದರಿಂದ ನನ್ನ ತಕರಾರು ಎರಡೂ ಕಡೆಯವರೊಂದಿಗೆ. ಹಳ್ಳಿಗೆ ಹಿಂತಿರುಗಿ ಎನ್ನುವವರ ಮಾತು ನಮಗೆ ಬೇಡ. ನಗರಕ್ಕೆ ಬಂದರೆ ಜಾತಿ ಕರಗುತ್ತದೆ ಎನ್ನುವವರ ಮಾತು ಸಾಲದು. ನಗರ ಬೇಕು, ಆದರೆ ನಕ್ಷೆ ಬರೆಯುವ ಮೇಜಿನ ಬಳಿ ನಮಗೆ ಜಾಗ ಬೇಕು. ಜಮೀನಿಲ್ಲದವರನ್ನು ಪಿಂಚಣಿಯ ಫಲಾನುಭವಿಗಳೆಂದು ಬರೆಯುವ ಬದಲು ಪಾಲುದಾರರೆಂದು ಬರೆಯುವ ನಕ್ಷೆ ಬೇಕು. ಭೂಮಿ ಇದ್ದವನ ತ್ಯಾಗಕ್ಕೆ ಚದರ ಗಜದ ಲೆಕ್ಕ ಕಂಡುಹಿಡಿದ ಬುದ್ಧಿವಂತರಿಗೆ, ಆ ಭೂಮಿಯಲ್ಲಿ ಮೂರು ತಲೆಮಾರು ಬೆವರು ಸುರಿಸಿದವಳಿಗೆ ಎಷ್ಟು ಚದರ ಗಜ ಎಂದು ಲೆಕ್ಕ ಹಾಕುವುದು ಕಷ್ಟವಾಗಬಾರದು.

6

ಇದೆಲ್ಲ ಆಂಧ್ರದ ಮಾತು, ನಮಗೇಕೆ ಎಂದು ಮಧುಗಿರಿಯಲ್ಲಿ ಕೂತ ಓದುಗರು ಕೇಳಬಹುದು. ನಾನು ಪಾಠ ಹೇಳುವುದು ಮಧುಗಿರಿಯ ಸೀಮೆಯಲ್ಲೇ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿಸಿ ಮಧುಗಿರಿಯನ್ನು ಜಿಲ್ಲಾಕೇಂದ್ರ ಮಾಡಬೇಕೆಂಬ ಬೇಡಿಕೆ ಇಲ್ಲಿ ಬಹಳ ವರ್ಷಗಳಿಂದ ಇದೆ. ಶೈಕ್ಷಣಿಕ ಜಿಲ್ಲೆ ಆಗಲೇ ಆಗಿದೆ. ನಾನೂ ಈ ಬೇಡಿಕೆಯ ಪರವೇ. ಒಂದು ಜಾತಿ ಪ್ರಮಾಣಪತ್ರದ ತಕರಾರಿಗೆ ಪಾವಗಡದ ಗಡಿ ಹಳ್ಳಿಯಿಂದ ತುಮಕೂರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಆದರೆ ಜಿಲ್ಲೆಯಾಗುವುದೆಂದರೆ ಬೋರ್ಡು ಬದಲಾಯಿಸುವುದಷ್ಟೇ ಅಲ್ಲ. ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಪೊಲೀಸ್ ಮೈದಾನ, ವಸತಿಗೃಹ, ಬಡಾವಣೆಗಳು, ವರ್ತುಲ ರಸ್ತೆ ಎಲ್ಲಕ್ಕೂ ನೆಲ ಬೇಕು. ಊರ ಸುತ್ತಿನ ನೆಲದಲ್ಲಿ ಗೋಮಾಳ ಯಾವುದು, ದರಖಾಸ್ತಿನಲ್ಲಿ ನಮ್ಮವರಿಗೆ ಮಂಜೂರಾದದ್ದು ಯಾವುದು ಎಂಬುದು ನಮಗಿಂತ ಮುಂಚೆ ಸೈಟಿನ ವ್ಯಾಪಾರಿಗಳಿಗೆ ಗೊತ್ತಿರುತ್ತದೆ.

ನಮ್ಮಲ್ಲೂ ಕಾನೂನಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಬಾರದೆಂಬ 1978ರ ಪಿಟಿಸಿಎಲ್ ಕಾಯ್ದೆ. ಮರಳಿ ಕೊಡಿಸಿ ಎಂದು ಕೇಳಲು ತಡಮಾಡಿದಿರಿ ಎಂಬ ಕಾರಣ 2017ರ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬಂದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆದು 2023ರಲ್ಲಿ ಆ ಕಾಲಮಿತಿಯ ಅಡ್ಡಿ ತೆಗೆಯಲು ತಿದ್ದುಪಡಿ ಬಂತು. ನಮ್ಮ ಮನೆಯ ಕತೆಯೂ ಇದರೊಳಗಿದೆ. ಅಪ್ಪ ಎರಡು ಎಕರೆ ಹತ್ತು ಗುಂಟೆ ದರಖಾಸ್ತು ಜಮೀನನ್ನು ಅಕ್ಕನ ಮದುವೆಯ ಸಾಲಕ್ಕೆ ಬಿಳಿ ಕಾಗದದ ಮೇಲೆ ಹೆಬ್ಬೆಟ್ಟೊತ್ತಿ ಬಿಟ್ಟುಕೊಟ್ಟಿದ್ದ. ನಾನು ಎಂ.ಎ. ಓದಿ, ಸಾಹಿತ್ಯದಲ್ಲಿ ಅಧಿಕಾರ ಸಂಬಂಧಗಳ ಬಗ್ಗೆ ಪ್ರಬಂಧ ಬರೆದೆ. ಆ ಸರ್ವೆ ನಂಬರಿನ ಮಂಜೂರಾತಿ ಪತ್ರವನ್ನು ಒಮ್ಮೆಯೂ ಬಿಚ್ಚಿ ಓದಿರಲಿಲ್ಲ. ಅಮರಾವತಿಯಿಂದ ಬಂದ ಮೇಲೆ ಓದಿದೆ. ನಾನು ಓದಿದ ಮೊದಲ ನಿಜವಾದ ದಲಿತ ಪಠ್ಯ ಅದೇ ಇರಬೇಕು.

ನಮ್ಮ ಸೀಮೆಗೆ ರಾಜಧಾನಿ ಹೊಸದಲ್ಲ. 1687ರಿಂದ ಶಿರಾ ಮೊಘಲರ ಸುಬಾದ ಕೇಂದ್ರವಾಗಿತ್ತು. ದಿಲಾವರ್ ಖಾನನ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತು ಎನ್ನುತ್ತಾರೆ. ಆಮೇಲೆ ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಶಹರ್ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಸಾಗಿಸಿದರೆಂದು ಗೆಜೆಟಿಯರು ಬರೆಯುತ್ತದೆ. ಆ ಸಾಲಿನಲ್ಲಿ ನಮ್ಮ ಕೇರಿಯವರು ಎಷ್ಟು ಜನ ನಡೆದರು ಎಂಬ ಲೆಕ್ಕ ಆ ಪುಟದಲ್ಲಿಲ್ಲ.

ಉದ್ದಂಡರಾಯುನಿಪಾಲೆಂನಲ್ಲಿ ಅಡಿಗಲ್ಲಿನ ಜಾಗದಲ್ಲಿ ಮಾವ ಬಹಳ ಹೊತ್ತು ನಿಂತಿದ್ದರು. ಅವರ ಊರಿನ ಮಣ್ಣು ಯಾವುದೆಂದು ಗುರುತಿಸುವಂತೆ ಏನೂ ಇರಲಿಲ್ಲ. 'ಸಿಕ್ತಾ ಮಾವ?' ಎಂದೆ. 'ಸಿಗಾಕೆ ನಮ್ದು ಇದ್ರಲ್ವೇ' ಎಂದು ನಡೆದುಬಿಟ್ಟರು.

ಗೆಳೆಯರೇ, ಇದು ಚರ್ಚೆಗೆ ಒಂದು ಮೊದಲ ಮಾತು ಮಾತ್ರ. ನಾಲ್ಕು ತಾಲ್ಲೂಕಿನ ವಿದ್ಯಾರ್ಥಿಗಳಲ್ಲಿ, ಸಂಘಟನೆಯ ಗೆಳೆಯರಲ್ಲಿ ನನ್ನದೊಂದು ವಿನಂತಿ ಇದೆ. ಜಿಲ್ಲೆಯ ನಕ್ಷೆ ಮೇಜಿಗೆ ಬರುವ ಮುಂಚೆ ನಿಮ್ಮ ನಿಮ್ಮ ಕೇರಿಯ ಮಂಜೂರಾತಿ ಪತ್ರಗಳನ್ನು ಹುಡುಕಿ, ಸರ್ವೆ ನಂಬರು ಬರೆದುಕೊಳ್ಳಿ, ಯಾರ ಕೈಯಲ್ಲಿದೆ ಎಂದು ಕೇಳಿ. ಕವಿತೆಯನ್ನು ಓದುವಷ್ಟೇ ನಿಧಾನವಾಗಿ ಅವನ್ನು ಓದಿ. ಅದನ್ನು ವಿಮರ್ಶೆ ಎಂದು ಕರೆಯಬಹುದೇ ಎಂದು ವಿಶ್ವವಿದ್ಯಾಲಯದವರು ಆಮೇಲೆ ತೀರ್ಮಾನಿಸಿಕೊಳ್ಳಲಿ.